ಬಾಗಿಲು ತೆರೆದಾಗ ರಾಗ ಹೊರಳುವುದು ಹೇಗೆ?

ಸಿನಿಮಾಕ್ಕೆ ಹಿನ್ನೆಲೆ ಸಂಗೀತ ಕೂಡಿಸುವವರಿಗೆ ನಾಯಕ ಎಷ್ಟನೇ ಸೆಕೆಂಡಿಗೆ ಬಾಗಿಲು ತೆರೆಯುತ್ತಾನೆಂಬುದು ಮೊದಲೇ ಗೊತ್ತಿರುತ್ತದೆ. ವಿಡಿಯೊ ಗೇಮ್‌ನಲ್ಲಿ ಬಾಗಿಲು ತೆರೆಯುವವನು ಆಟಗಾರ. ಅವನು ಬಂದ ತಕ್ಷಣ ತೆರೆಯಬಹುದು, ಹತ್ತು ನಿಮಿಷ ಅಲೆದಾಡಿ ಆಮೇಲೂ ತೆರೆಯಬಹುದು. ಯಕ್ಷಗಾನದ ಭಾಗವತರಾದರೆ ವೇಷಧಾರಿಯ ಹೆಜ್ಜೆ ನೋಡಿಕೊಂಡು ಪದ ಎಳೆಯುತ್ತಾರೆ, ನಿಲ್ಲಿಸುತ್ತಾರೆ. ಕಂಪ್ಯೂಟರಿಗೆ ಆ ಕಣ್ಣು ಕೊಡುವುದು ಹೇಗೆ?

1990ರಲ್ಲಿ ಅಮೆರಿಕದ ಗೇಮ್ ಕಂಪನಿ ಲ್ಯೂಕಾಸ್‌ಆರ್ಟ್ಸ್ ಸೇರಿದ ಮೈಕೆಲ್ ಲ್ಯಾಂಡ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಮಿಲ್ಸ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ ಸಂಗೀತ ಕಲಿತ ಅವರು ಧ್ವನಿ ಉಪಕರಣ ತಯಾರಿಸುವ ಲೆಕ್ಸಿಕಾನ್ ಕಂಪನಿಗೆ ಸಾಫ್ಟ್‌ವೇರ್ ಬರೆದಿದ್ದರು. ಅವರಂತೆಯೇ ಸಂಗೀತವನ್ನೂ ಕೋಡನ್ನೂ ಬಲ್ಲ ಪೀಟರ್ ಮೆಕ್‌ಕಾನೆಲ್ ಜೊತೆಯಾದರು. ಇಬ್ಬರೂ ಸೇರಿ ಕಟ್ಟಿದ್ದು 'ಐಮ್ಯೂಸ್' ಎಂಬ ತಂತ್ರಾಂಶ. 1991ರ 'ಮಂಕಿ ಐಲ್ಯಾಂಡ್ 2' ಗೇಮ್‌ನಲ್ಲಿ ಅದು ಮೊದಲು ಕೇಳಿಸಿತು.

ಆ ಗೇಮ್‌ನಲ್ಲಿ ವುಡ್‌ಟಿಕ್ ಎಂಬ ಊರಿದೆ. ಒಡೆದ ಹಡಗುಗಳೇ ಅಲ್ಲಿ ಮನೆ, ಅಂಗಡಿ. ಬೀದಿಯಲ್ಲಿ ಒಂದು ಧಾಟಿ ನಡೆಯುತ್ತಿರುತ್ತದೆ. ಒಂದು ಹಡಗಿನೊಳಗೆ ಕಾಲಿಟ್ಟರೆ ಅದೇ ತಾಳದ ಮೇಲೆ ಆ ಜಾಗದ್ದೇ ಸ್ವರ, ವಾದ್ಯ ಬಂದು ಕೂಡುತ್ತವೆ. ಹೊರಬಂದರೆ ಪುಟ್ಟದೊಂದು ಪಲುಕು ಸೇತುವೆಯಾಗಿ ಬಂದು ಬೀದಿಯ ಧಾಟಿಗೆ ಮರಳಿಸುತ್ತದೆ. ಎಲ್ಲೂ ಕತ್ತರಿಸಿದ ಸದ್ದಿಲ್ಲ. ನನಗೆ ಇಂದಿಗೂ ಇದು ಸೋಜಿಗ.

ಇದು ಸಾಧ್ಯವಾದದ್ದು ಮಿಡಿ ಎಂಬ ಸಂಕೇತಪದ್ಧತಿಯಿಂದ. ಮಿಡಿ ಕಡತದಲ್ಲಿ ಸದ್ದು ಇರುವುದಿಲ್ಲ, ಸೂಚನೆ ಮಾತ್ರ ಇರುತ್ತದೆ: 60ನೇ ಸ್ವರ ನುಡಿಸು, ಇಷ್ಟು ಒತ್ತಿ ನುಡಿಸು, ಈಗ ನಿಲ್ಲಿಸು. ಸೂಚನೆಯಾದ್ದರಿಂದ ನುಡಿಸುತ್ತಿರುವಾಗಲೇ ಶ್ರುತಿ ಬದಲಿಸಬಹುದು, ಲಯ ಏರಿಸಬಹುದು, ಒಂದು ವಾದ್ಯವನ್ನು ಸುಮ್ಮನಿರಿಸಬಹುದು. ಸಂಯೋಜಕ ಸಂಗೀತದ ನಡುನಡುವೆ ಗುರುತು ನೆಟ್ಟಿರುತ್ತಾನೆ. ಬಾಗಿಲು ತೆರೆಯಿತೆಂದು ಗೇಮ್ ಹೇಳಿದ ಕೂಡಲೇ ಐಮ್ಯೂಸ್ ಜಿಗಿಯುವುದಿಲ್ಲ; ಮುಂದಿನ ಗುರುತಿನವರೆಗೆ ತಾಳಿಕೊಂಡು ಅಲ್ಲಿ ಹೊರಳುತ್ತದೆ.

ಎಷ್ಟು ಹೊತ್ತು ತಾಳಬೇಕು? ನಿಮಿಷಕ್ಕೆ 120 ಪೆಟ್ಟಿನ ಲಯದಲ್ಲಿ ನಾಲ್ಕು ಪೆಟ್ಟಿನ ಆವರ್ತಕ್ಕೆ 2 ಸೆಕೆಂಡು ಬೇಕು. ಆವರ್ತದ ಮೊದಲಲ್ಲಿ ಮಾತ್ರ ಗುರುತಿಟ್ಟರೆ ಹೊರಳುವಿಕೆ ಇಂಪಾಗಿರುತ್ತದೆ, ಆದರೆ ಕತ್ತಿ ಬೀಸಿ 2 ಸೆಕೆಂಡಾದ ಮೇಲೆ ರಣಸಂಗೀತ ಬಂದೀತು. ಪೆಟ್ಟುಪೆಟ್ಟಿಗೂ ಇಟ್ಟರೆ ಅರ್ಧ ಸೆಕೆಂಡಿನೊಳಗೇ ಕೆಲಸವಾಗುತ್ತದೆ, ಆದರೆ ಸ್ವರವಾಕ್ಯ ಅರ್ಧಕ್ಕೇ ತುಂಡಾಗುತ್ತದೆ. ಹಾಗಾಗದಿರಲು ಹೊರಡುವ ಒಂದೊಂದು ಜಾಗಕ್ಕೂ ಬೇರೆ ಬೇರೆ ಸೇತುವೆ ಬರೆಯಬೇಕು. ಇಲ್ಲಿ ಸಂಗೀತ ಎಲ್ಲಿ ಮುಗಿಯಿತು, ಪ್ರೋಗ್ರಾಂ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ನನಗಂತೂ ಆಗದು. ಎರಡೂ ಒಂದೇ ತಲೆಯಲ್ಲಿದ್ದುದರಿಂದಲೇ ಕಿವಿಗೆ ಬೇಕಾದದ್ದು ಕೋಡಿಗಿಳಿಯಿತು ಎಂಬುದು ನನ್ನ ನಂಬಿಕೆ.

1994ರಲ್ಲಿ ಐಮ್ಯೂಸ್‌ಗೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಇಂದು ಗೇಮ್‌ಗಳಲ್ಲಿ ಧ್ವನಿಮುದ್ರಿತ ವಾದ್ಯಮೇಳವೇ ಹೆಚ್ಚು. ಅದರ ಸ್ವರಗಳನ್ನು ಮಿಡಿಯಷ್ಟು ಸಲೀಸಾಗಿ ಬಿಡಿಸಲಾಗದು. ಹಾಗಾಗಿ ಡೋಲು, ತಂತಿ, ಕೊಳಲನ್ನು ಬೇರೆ ಬೇರೆ ಪದರಗಳಾಗಿ ಒಟ್ಟಿಗೇ ಓಡಿಸಿ, ಬೇಕಾದುದರ ಸದ್ದನ್ನಷ್ಟೇ ಏರಿಸುವುದುಂಟು. ವೈಸ್, ಎಫ್‌ಮಾಡ್‌ನಂಥ ಸಿದ್ಧ ತಂತ್ರಾಂಶಗಳೂ ಬಂದಿವೆ. ಅವುಗಳ ಪರದೆಯ ಮೇಲೆ ಈಗಲೂ ಸಂಯೋಜಕರು ಆವರ್ತ ಎಣಿಸುತ್ತಾ ಗುರುತು ನೆಡುತ್ತಿರುತ್ತಾರೆ.