ಆಲಿವ್ ಮರದ ತಳಿಯನ್ನು ಗುರುತಿಸುವದು ಹೇಗೆ?

ಪೇಟೆಯ ಅಂಗಡಿಗಳಲ್ಲಿ ಆಲಿವ್ ಎಣ್ಣೆಯ ಡಬ್ಬಿಯನ್ನು ವಾಚಕರು ನೋಡಿರಬಹುದು. ಕನ್ನಡ ಬೈಬಲಿನಲ್ಲಿ ಈ ಮರಕ್ಕೆ ಎಣ್ಣೆಮರವೆಂದೇ ಹೆಸರು. ಸ್ಪೇನ್, ಇಟಲಿ, ಗ್ರೀಸ್, ಟ್ಯುನೀಸಿಯಾ ಮೊದಲಾದ ಭೂಮಧ್ಯ ಸಮುದ್ರದ ಸುತ್ತಲಿನ ದೇಶಗಳಲ್ಲಿ ಸಾವಿರಾರು ವರ್ಷಗಳಿಂದ ರೈತರಿಗೆ ಅನ್ನ ಕೊಟ್ಟ ಮರವಿದು. ನಮ್ಮ ರಾಜಸ್ಥಾನದಲ್ಲಿಯೂ 2007ರ ಬಳಿಕ ಇಸ್ರೇಲಿನ ನೆರವಿನಿಂದ ಇದನ್ನು ನೆಟ್ಟಿದ್ದಾರೆ. ನಮ್ಮಲ್ಲಿ ಮಾವಿಗಿರುವಂತೆ ಇದಕ್ಕೂ ನೂರಾರು ತಳಿಗಳು.

ತಳಿಗಿಂತ ಹೆಸರುಗಳು ಇನ್ನೂ ಹೆಚ್ಚು. ಮುಂಬಯಿಯ ಆಪೂಸು ನಮ್ಮ ನಾಡಿನಲ್ಲಿ ಬದಾಮಿಯಾಗುವ ಹಾಗೆ, ಸ್ಪೇನಿನ ಪಿಕ್ವಾಲ್ ತಳಿಯನ್ನು ಕೆಲವು ಕಡೆ ಮಾರ್ತೆನ್ಯಾ ಎನ್ನುವರು. ಇದಕ್ಕೆ ತಿರುಗುಮುರುಗಾದದ್ದೂ ಉಂಟು. ಮಾನ್ಸಾನಿಲ್ಯಾ ಎಂದರೆ ಅವರ ಮಾತಿನಲ್ಲಿ ಚಿಕ್ಕ ಸೇಬು. ಸೆವಿಲ್ ಕಡೆಯ ಮಾನ್ಸಾನಿಲ್ಯಾ ಬೇರೆ ತಳಿ, ಕಾಸರೆಸ್ ಕಡೆಯದು ಬೇರೆ ತಳಿ. ಹಾಜರಿ ಪುಸ್ತಕ ಬರೆಯುವ ನಮಗೆ ಈ ತೊಡಕು ಹೊಸದಲ್ಲ. ಒಂದೇ ಖಾತೆಯಲ್ಲಿ ಇಬ್ಬರು ಮಲ್ಲಪ್ಪಗಳಿದ್ದರೆ ನಂಬರು ನೋಡದೆ ಪಗಾರ ಹಂಚಲಾಗುವದೇ?

ರೈತನಿಗೆ ಇದು ಬರಿಯ ಹೆಸರಿನ ಜಗಳವಲ್ಲ. ಸಸಿ ನೆಟ್ಟು ಕಾಯಿ ಕಾಣಲು ಕೆಲವು ವರ್ಷ ಬೇಕು. ಪೂರ್ತಿ ಫಸಲಿಗೆ ಇನ್ನೂ ಹೆಚ್ಚು. ಸಸಿ ಮಾರಿದವನು ಒಂದರ ಹೆಸರಿನಲ್ಲಿ ಇನ್ನೊಂದನ್ನು ಕೊಟ್ಟಿದ್ದರೆ, ಅದು ತಿಳಿಯುವ ಹೊತ್ತಿಗೆ ಸಾಲ ತಂದ ಹಣವೂ ವರ್ಷಗಳೂ ಹೋಗಿರುವವು. ಮೇಲಾಗಿ ಅನೇಕ ತಳಿಗಳು ತಮ್ಮದೇ ಪರಾಗದಿಂದ ಚೆನ್ನಾಗಿ ಕಾಯಿ ಕಟ್ಟುವದಿಲ್ಲ; ಪಕ್ಕದಲ್ಲಿ ಹೊಂದುವ ಬೇರೆ ತಳಿ ಬೇಕು. ಎರಡು ತಳಿಯೆಂದು ನಂಬಿ ನೆಟ್ಟದ್ದು ಒಂದೇ ಆಗಿದ್ದರೆ ಹೂವು ತುಂಬಿಯೂ ಕಾಯಿ ಕಡಿಮೆ.

ಹಿಂದಿನಿಂದ ಎಲೆಯ ಅಗಲ, ಕಾಯಿಯ ಆಕಾರ, ಅದರಲ್ಲಿಯೂ ಗೊರಟೆಯ ಮೇಲಿನ ಗೆರೆ ಹಾಗೂ ತುದಿಯ ಮೊನೆ ನೋಡಿ ತಳಿ ಹೇಳುತ್ತ ಬಂದಿದ್ದಾರೆ. ಗೊರಟೆ ಈಗಲೂ ಒಳ್ಳೆಯ ಸಾಕ್ಷಿ. ಆದರೆ ಕಾಯಿ ಬಿಡದ ಸಸಿಯಲ್ಲಿ ಗೊರಟೆ ಎಲ್ಲಿಯದು? ಎಲೆ, ಕಾಯಿಗಳಾದರೋ ನೀರು, ಮಣ್ಣು, ಆ ವರ್ಷದ ಫಸಲಿನ ಭಾರ ಇವಕ್ಕೆ ತಕ್ಕಂತೆ ಬದಲಾಗುವವು.

ಹಾಗೆ ಬದಲಾಗದಿರುವದು ಜೀವಕೋಶದೊಳಗಿನ ಡಿ. ಎನ್. ಎ. ಇದನ್ನು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಬಲು ಉದ್ದದ ಬರಹವೆಂದು ತಿಳಿಯಬಹುದು. ಅದರಲ್ಲಿ ಅಲ್ಲಲ್ಲಿ 'ಜಿ-ಎ, ಜಿ-ಎ, ಜಿ-ಎ' ಎಂದು ಭಜನೆಯ ಪಲ್ಲವಿಯಂತೆ ಒಂದೇ ಜೋಡಿ ಮತ್ತೆ ಮತ್ತೆ ಬರುವದು. ಒಂದು ತಳಿಯಲ್ಲಿ ಅದು 12 ಸಲ ಬಂದರೆ ಇನ್ನೊಂದರಲ್ಲಿ 17 ಸಲ ಬಂದೀತು. ತಾಯಿಯಿಂದ ಬಂದದ್ದೊಂದು, ತಂದೆಯಿಂದ ಬಂದದ್ದೊಂದು, ಹೀಗೆ ಪ್ರತಿ ಸ್ಥಳಕ್ಕೆ ಎರಡು ಅಂಕೆ. ಶಾಸ್ತ್ರಜ್ಞರು ಈ ಗುರುತನ್ನು ಮೈಕ್ರೋಸ್ಯಾಟಲೈಟ್ ಎನ್ನುವರು. ಎಲೆಯ ಚೂರನ್ನು ಅರೆದು ಡಿ. ಎನ್. ಎ. ತೆಗೆದು, ಬೇಕಾದ ತುಣುಕನ್ನು ಮಾತ್ರ ಲಕ್ಷಗಟ್ಟಲೆ ಪ್ರತಿ ಮಾಡುವರು. ಈ ಯುಕ್ತಿಗಾಗಿಯೇ ಅಮೇರಿಕದ ಕ್ಯಾರಿ ಮುಲ್ಲಿಸ್ ಅವರಿಗೆ 1993ರಲ್ಲಿ ನೊಬೆಲ್ ಬಹುಮಾನ ಬಂತು. ಆ ತುಣುಕುಗಳನ್ನು ಲೋಳೆಯಂಥ ಪದಾರ್ಥದೊಳಗೆ ವಿದ್ಯುತ್ತಿನಿಂದ ಓಡಿಸಿದರೆ ಗಿಡ್ಡದ್ದು ಮುಂದೆ, ಉದ್ದದ್ದು ಹಿಂದೆ. ಅದರಿಂದ ಅಳತೆ ಸಿಗುವದು. ಒಂದು ಸ್ಥಳದ ಅಂಕೆ ಎರಡು ತಳಿಗಳಲ್ಲಿ ಕೂಡಿ ಬರಬಹುದು; ಹತ್ತಾರು ಸ್ಥಳಗಳಲ್ಲಿ ಎಲ್ಲವೂ ಕೂಡುವದು ಅಪರೂಪ. ಆಲಿವನ್ನು ಕಡ್ಡಿ ನೆಟ್ಟು ಇಲ್ಲವೆ ಕಸಿ ಮಾಡಿ ಬೆಳೆಸುವದರಿಂದ ಒಂದು ತಳಿಯ ಮರಗಳಿಗೆಲ್ಲ ಅಂಕೆಗಳು ಒಂದೇ. ಸಸಿಯಾದರೂ ಸರಿ, ಮುದಿ ಮರವಾದರೂ ಸರಿ.

ಸ್ಪೇನಿನ ಕೋರ್ದೊಬಾದಲ್ಲಿ 1970ರಲ್ಲಿ ಲೋಕದ ಆಲಿವ್ ತಳಿಗಳ ಸಂಗ್ರಹವನ್ನು ಆರಂಭಿಸಿದರು. ಅಲ್ಲಿ ಬೇರೆ ಬೇರೆಯೆಂದು ದಾಖಲಾಗಿದ್ದ 499 ಮಾದರಿಗಳನ್ನು 33 ಗುರುತುಗಳಿಂದ ಪರೀಕ್ಷಿಸಿ, ಗೊರಟೆಯ ಲಕ್ಷಣಗಳನ್ನೂ ಜೊತೆಗಿಟ್ಟು ತಾಳೆ ನೋಡಿದರು. 2014ರಲ್ಲಿ ಪ್ರಕಟವಾದ ಆ ಲೆಕ್ಕದಂತೆ ತಳಿಗಳು 332 ಮಾತ್ರ! ಹೊಸ ಪರೀಕ್ಷೆ ಬಂತೆಂದು ಹಳೆಯ ಗೊರಟೆಯನ್ನು ಬಿಸುಡಲಿಲ್ಲವೆಂಬದು ನಮಗೆ ಬಹಳ ಮೆಚ್ಚಿಗೆಯಾಯಿತು.

ಈ ಕ್ರಮಕ್ಕೂ ಮಿತಿಯುಂಟು. ಒಂದೇ ತಳಿಯೊಳಗೆ ಅಲ್ಪ ವ್ಯತ್ಯಾಸ ಹುಟ್ಟಿ ಬೇರೆಯಾದ ಮರಗಳನ್ನು ಕೆಲವೇ ಗುರುತುಗಳಿಂದ ವಿಂಗಡಿಸಲಾಗದು. ಡಬ್ಬಿಯ ಎಣ್ಣೆಯಿಂದ ತಳಿ ಹೇಳುವದಂತೂ ಇನ್ನೂ ಕಷ್ಟ. ಎಣ್ಣೆಯಲ್ಲಿ ಡಿ. ಎನ್. ಎ. ಉಳಿಯುವದೇ ತೀರ ಸ್ವಲ್ಪ, ಅದೂ ಚೂರುಚೂರಾಗಿ. ಸಾಮಾನ್ಯವಾಗಿ ಕಾಯಿಯನ್ನು ಗೊರಟೆಸಹಿತ ಅರೆಯುವದರಿಂದ, ಬೀಜದೊಳಗಿರುವ ಅಂಕೆಗಳೂ ಎಣ್ಣೆಯಲ್ಲಿ ಬೆರೆಯುವವು. ಅವುಗಳಲ್ಲಿ ಅರ್ಧ, ಪರಾಗ ಕೊಟ್ಟ ಪಕ್ಕದ ಮರದವು.