ಜಾಲತಾಣದಲ್ಲಿ ನಮ್ಮ ಮಕ್ಕಳು: ಮನೆಯಲ್ಲಿ ಹೇಳಲಾಗದ ಮಾತು



ಕಳೆದ ವರ್ಷ ಮಳೆಗಾಲದ ಒಂದು ಮಧ್ಯಾಹ್ನ, ಘೋಡಗೇರಿಯ ನಮ್ಮ ಅಂಗಡಿಗೆ ಪರಿಚಯದ ಮನೆತನದ ಹುಡುಗನೊಬ್ಬ ಬಂದ. ಕಾಲೇಜಿಗೆ ಹೋಗುವವನು. ಬೇರೆ ಗಿರಾಕಿ ಇಲ್ಲದ ಹೊತ್ತು ನೋಡಿಕೊಂಡೇ ಬಂದಿದ್ದ. "ಕಾಕಾ, ಐದು ಸಾವಿರ ರೂಪಾಯಿ ಕೊಡ್ರಿ, ಹದಿನೈದು ದಿನದಾಗ ತಿರುಗಿ ಕೊಡತೀನಿ. ಅಪ್ಪಗ ಮಾತ್ರ ಹೇಳಬ್ಯಾಡ್ರಿ" ಎಂದ. ನಲವತ್ತು ವರ್ಷ ಗಲ್ಲಾ ಪೆಟ್ಟಿಗೆಯ ಮುಂದೆ ಕುಳಿತವನಿಗೆ ಸಾಲ ಕೇಳುವವರ ಮುಖ ಗೊತ್ತಾಗುತ್ತದೆ. ಇದು ಸಾಲದ ಮುಖ ಆಗಿರಲಿಲ್ಲ. ಒಳಗೆ ಕೂರಿಸಿ ಚಹಾ ತರಿಸಿದೆ. ಅರ್ಧ ತಾಸು ಏನೂ ಹೇಳಲಿಲ್ಲ. ಆಮೇಲೆ ಮೊಬೈಲ್ ತೆಗೆದು ನನ್ನ ಮುಂದಿಟ್ಟ.

ಇದನ್ನು ಆ ಹುಡುಗನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಓದು, ಮೊತ್ತ, ತಿಂಗಳು ಬದಲಿಸಿದ್ದೇನೆ. ಯಾರೆಂದು ಹುಡುಕಲು ಹೋಗಬೇಡಿ, ದಯವಿಟ್ಟು.

ನಡೆದದ್ದು ಇಷ್ಟು. ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಹುಡುಗಿಯ ಹೆಸರಿನಿಂದ ಸ್ನೇಹದ ಕೋರಿಕೆ ಬಂದಿದೆ. ನಾಲ್ಕು ದಿನ ಹಿಂದಿಯಲ್ಲಿ ಮಾತುಕತೆ. ಐದನೆಯ ದಿನ ವಾಟ್ಸಾಪ್ ನಂಬರ್ ಕೇಳಿ ರಾತ್ರಿ ವಿಡಿಯೋ ಕರೆ. ಆ ಕಡೆ ಕಂಡದ್ದು ಮೊದಲೇ ತೆಗೆದಿಟ್ಟ ಯಾವುದೋ ವಿಡಿಯೋ, ಈ ಕಡೆ ಕಂಡದ್ದು ನಮ್ಮ ಹುಡುಗನ ಮುಖ. ಹತ್ತು ನಿಮಿಷದಲ್ಲಿ ಅದೇ ರೆಕಾರ್ಡ್ ಆಗಿ ತಿರುಗಿ ಬಂತು, ಜೊತೆಗೆ ಅವನ ಸ್ನೇಹಿತರ ಪಟ್ಟಿಯ ಚಿತ್ರ. ಅದರಲ್ಲಿ ಚಿಕ್ಕಪ್ಪನ ಮಗಳು, ಕಾಲೇಜಿನ ಮೇಷ್ಟ್ರು, ನಮ್ಮ ಯುವಕ ಮಂಡಳದವರು ಎಲ್ಲರೂ ಇದ್ದರು. "ರೊಕ್ಕ ಹಾಕು, ಇಲ್ಲದಿದ್ದರೆ ಎಲ್ಲರಿಗೂ ಕಳಿಸುತ್ತೇವೆ." ಮೊದಲು ಎರಡು ಸಾವಿರ ಹಾಕಿದ. ಮರುದಿನ ಮೂರೂವರೆ ಸಾವಿರ. ಮೂರನೆಯ ದಿನ ಪೊಲೀಸ್ ಸಮವಸ್ತ್ರದ ಫೋಟೋ ಇಟ್ಟುಕೊಂಡ ಇನ್ನೊಬ್ಬ ಕರೆ ಮಾಡಿ, "ನಿನ್ನ ಮೇಲೆ ಕೇಸ್ ಆಗಿದೆ, ಐದು ಸಾವಿರ ಕೊಟ್ಟರೆ ಮುಚ್ಚಿಹಾಕುತ್ತೇನೆ" ಎಂದಿದ್ದ. ಆ ಐದು ಸಾವಿರಕ್ಕೆ ನನ್ನ ಹತ್ತಿರ ಬಂದಿದ್ದ.

"ನಿನ್ನೆ ಸಂಜೆ ಹೊಳಿ ಸೇತುವೆ ಮ್ಯಾಲ ನಿಂತಿದ್ದೆ ಕಾಕಾ" ಎಂದು ಕೊನೆಗೆ ಹೇಳಿದ. ಏಕೆ ನಿಂತಿದ್ದೆ ಎಂದು ನಾನು ಕೇಳಲಿಲ್ಲ.

ಈ ದಂಧೆ ಮಾಡುವವರಿಗೆ ನಮ್ಮ ಹುಡುಗ ಯಾರೆಂದೇ ಗೊತ್ತಿಲ್ಲ. ಒಂದೇ ದಿನ ನೂರಾರು ಜನರಿಗೆ ಗಾಳ ಹಾಕುತ್ತಾರೆ. ಸಿಕ್ಕವರಲ್ಲಿ ಯಾರು ಹೆದರಿ ದುಡ್ಡು ಕೊಡುತ್ತಾರೋ ಅವರ ಹಿಂದೆ ಬೀಳುತ್ತಾರೆ, ಕೊಡದವರನ್ನು ಬಿಟ್ಟು ಮುಂದಕ್ಕೆ ಹೋಗುತ್ತಾರೆ. ವ್ಯಾಪಾರಸ್ಥನಾಗಿ ನನಗೆ ಅವರ ಲೆಕ್ಕ ಅರ್ಥವಾಗುತ್ತದೆ. ಒಮ್ಮೆ ಕೊಟ್ಟವನು ಮತ್ತೆ ಕೊಡುತ್ತಾನೆ ಎನ್ನುವುದು ಅವರ ಖಾತೆ ಪುಸ್ತಕದ ಮೊದಲ ಸಾಲು. ವಿಡಿಯೋವನ್ನು ಎಲ್ಲರಿಗೂ ಕಳಿಸಿಬಿಟ್ಟರೆ ಹೆದರಿಸಲು ಅವರ ಬಳಿ ಏನೂ ಉಳಿಯುವುದಿಲ್ಲ. ಅವರ ಬಂಡವಾಳ ಆ ವಿಡಿಯೋ ಅಲ್ಲ. "ಅಪ್ಪಗ ಹೇಳಬ್ಯಾಡ್ರಿ" ಎನ್ನುವ ಮಾತು. ನಮ್ಮ ಮನೆಯೊಳಗಿನ ಹೆದರಿಕೆಯ ಮೇಲೆ ಅವರ ಅಂಗಡಿ ನಡೆಯುತ್ತದೆ.

ಇದು ಮಕ್ಕಳಿಗೆ ಮಾತ್ರ ಸೀಮಿತವಲ್ಲ. 2025ರ ಮಾರ್ಚ್‌ನಲ್ಲಿ ನಮ್ಮದೇ ಜಿಲ್ಲೆಯ ಖಾನಾಪುರ ತಾಲೂಕಿನ ಬೀಡಿ ಗ್ರಾಮದಲ್ಲಿ ವಯೋವೃದ್ಧ ದಂಪತಿ ಪ್ರಾಣ ಕಳೆದುಕೊಂಡ ಸುದ್ದಿ ನೀವೆಲ್ಲ ಓದಿದ್ದೀರಿ. ನಿಮ್ಮ ಹೆಸರಿನ ಸಿಮ್ ಕಾರ್ಡ್ ದುರ್ಬಳಕೆ ಆಗಿದೆ ಎಂದು ಕರೆ ಮಾಡಿದವರು ಲಕ್ಷಗಟ್ಟಲೆ ರೂಪಾಯಿ ಸುಲಿದಿದ್ದರು. ಎಂಬತ್ತರ ಹತ್ತಿರದ ಹಿರಿಯರೇ ಯಾರಿಗೂ ಹೇಳಿಕೊಳ್ಳದೆ ಒಳಗೇ ಬೆಂದುಹೋದರೆಂದರೆ, ಹದಿನೇಳು ವರ್ಷದ ಹುಡುಗನ ಪಾಡೇನು?

ಆ ದಿನ ನನಗೂ ಏನು ಮಾಡಬೇಕೆಂದು ಹೊಳೆಯಲಿಲ್ಲ. ಬೆಳಗಾವಿಯಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗನಿಗೆ ಫೋನ್ ಮಾಡಿದೆ. ಅವನು ಹೇಳಿದ್ದನ್ನೂ ಆಮೇಲೆ ಠಾಣೆಯಲ್ಲಿ ತಿಳಿದದ್ದನ್ನೂ ಸೇರಿಸಿ ಬರೆಯುತ್ತೇನೆ.

ಮೊದಲನೆಯದು, ಇನ್ನೊಂದು ರೂಪಾಯಿ ಸಹ ಕೊಡಬಾರದು. ಎರಡನೆಯದು, ಏನನ್ನೂ ಅಳಿಸಬಾರದು. ಹುಡುಗರು ನಾಚಿಕೆಯಿಂದ ಮೊದಲು ಮಾಡುವ ಕೆಲಸವೇ ಚಾಟ್ ಅಳಿಸುವುದು. ಅದೇ ಸಾಕ್ಷಿ. ಆ ಖಾತೆಯ ಹೆಸರು, ಕರೆ ಬಂದ ನಂಬರ್, ದುಡ್ಡು ಹೋದ ಯುಪಿಐ ವಿಳಾಸ, ಬ್ಯಾಂಕ್ ವ್ಯವಹಾರದ ಸಂಖ್ಯೆ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಆಮೇಲೆ ಆ ಖಾತೆಯನ್ನು ರಿಪೋರ್ಟ್ ಮಾಡಿ ಬ್ಲಾಕ್ ಮಾಡಬೇಕು.

ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಇದು ದೇಶಕ್ಕೆಲ್ಲ ಒಂದೇ ನಂಬರ್. ನಮ್ಮ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗುವ ಮೊದಲೇ ಬ್ಯಾಂಕುಗಳ ಮೂಲಕ ತಡೆಹಿಡಿಯುವ ವ್ಯವಸ್ಥೆ ಇದರ ಹಿಂದೆ ಇದೆ. ಅದಕ್ಕೇ ಇಲ್ಲಿ ದಿನದ ಲೆಕ್ಕವಲ್ಲ, ತಾಸಿನ ಲೆಕ್ಕ. ನಮ್ಮ ಹುಡುಗ ಮೂರು ದಿನ ತಡ ಮಾಡಿದ್ದ, ಅವನ ದುಡ್ಡು ಬರಲಿಲ್ಲ. ಇದೇ ದೂರನ್ನು ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲೂ ದಾಖಲಿಸಬಹುದು. ಅದರಲ್ಲಿ ಮಹಿಳೆಯರು ಮತ್ತು ಮಕ್ಕಳ ವಿಷಯಕ್ಕೆ ಪ್ರತ್ಯೇಕ ವಿಭಾಗವಿದೆ, ಹೆಸರು ಹೇಳದೆಯೂ ಅಲ್ಲಿ ದೂರು ಕೊಡಲು ಅವಕಾಶವಿದೆ. ಜಿಲ್ಲೆಗಳಲ್ಲಿ ಸಿಇಎನ್ ಎಂಬ ಪ್ರತ್ಯೇಕ ಪೊಲೀಸ್ ಠಾಣೆಗಳಿವೆ, ಸೈಬರ್ ಪ್ರಕರಣ ನೋಡುವುದು ಅವರ ಕೆಲಸ.

ಅಷ್ಟಾದ ಮೇಲೆ ನಾನೂ ಹುಡುಗನೂ ಸೇರಿ ಅವನ ತಂದೆಗೆ ಹೇಳಿದೆವು. ಅವರು ಬೈಯುತ್ತಾರೆ, ಹೊಡೆಯುತ್ತಾರೆ ಎಂದು ನಾನೂ ಎಣಿಸಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಊಟ ಮಾಡಿಯೇನು?" ಎಂದು ಮಗನನ್ನು ಕೇಳಿದರು. ಆ ದುಷ್ಟರು ಮತ್ತೆರಡು ದಿನ ಬೇರೆ ಬೇರೆ ನಂಬರಿನಿಂದ ಕರೆ ಮಾಡಿದರು. ಒಬ್ಬ ಸಂಬಂಧಿಕನಿಗೆ ವಿಡಿಯೋ ಕಳಿಸಿಯೂ ಬಿಟ್ಟರು. ಆತ ನೋಡಿ, ಅಳಿಸಿ, ಇವರ ಮನೆಗೆ ತಿಳಿಸಿದ. ಅಲ್ಲಿಗೆ ನಿಂತಿತು.

ಕಾನೂನಿನ ಮಾತು ಸ್ವಲ್ಪ ಹೇಳಬೇಕು, ಯಾಕೆಂದರೆ ನಮ್ಮ ಮಕ್ಕಳು ಮೋಸಕ್ಕೆ ಒಳಗಾಗುವವರು ಮಾತ್ರವಲ್ಲ, ಗೊತ್ತಿಲ್ಲದೆ ತಪ್ಪು ಮಾಡುವವರೂ ಇದ್ದಾರೆ. ಒಬ್ಬರ ಖಾಸಗಿ ಚಿತ್ರವನ್ನು ಒಪ್ಪಿಗೆ ಇಲ್ಲದೆ ತೆಗೆಯುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂ 66ಇ ಪ್ರಕಾರ ಮೂರು ವರ್ಷದವರೆಗೆ ಶಿಕ್ಷೆಯ ಅಪರಾಧ. 18 ವರ್ಷದೊಳಗಿನವರ ಅಶ್ಲೀಲ ಚಿತ್ರವಾದರೆ 67ಬಿ ಕಲಂ, ಪೋಕ್ಸೊ ಕಾಯ್ದೆ ಎರಡೂ ಬರುತ್ತವೆ. ಅಂಥದ್ದನ್ನು ಫೋನಿನಲ್ಲಿ ಇಟ್ಟುಕೊಳ್ಳುವುದು ಸಹ ಅಪರಾಧವಾಗುತ್ತದೆ ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. "ನಾನು ಬರೀ ಫಾರ್ವರ್ಡ್ ಮಾಡಿದೆ" ಎನ್ನುವ ಮಾತು ನಡೆಯುವುದಿಲ್ಲ. 2020ರಲ್ಲಿ ದೆಹಲಿಯಲ್ಲಿ ಶಾಲಾ ಹುಡುಗರು ಇನ್‌ಸ್ಟಾಗ್ರಾಮ್ ಗುಂಪು ಮಾಡಿಕೊಂಡು ಹುಡುಗಿಯರ ಫೋಟೋ ಹಾಕಿ ಕೆಟ್ಟದಾಗಿ ಬರೆದದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಆ ಮಕ್ಕಳೂ ಒಳ್ಳೆಯ ಮನೆಗಳವರೇ. ಇನ್ನು ಕೆಲವು ಹುಡುಗರು ಟೆಲಿಗ್ರಾಮ್‌ನಲ್ಲಿ ಬರುವ "ಮನೆಯಲ್ಲೇ ಕೆಲಸ" ಎಂಬ ಜಾಹೀರಾತು ನಂಬಿ ತಮ್ಮ ಬ್ಯಾಂಕ್ ಖಾತೆಯನ್ನು ಕಮಿಷನ್‌ಗೆ ಬಿಟ್ಟುಕೊಡುತ್ತಾರೆ. ಕದ್ದ ದುಡ್ಡು ಆ ಖಾತೆಗೆ ಬಂದರೆ ಪೊಲೀಸರು ಮೊದಲು ಬರುವುದು ಖಾತೆದಾರನ ಮನೆಗೆ. ವ್ಯಾಪಾರಸ್ಥರ ಮಕ್ಕಳಿಗೆ ಇದನ್ನು ನಾವೇ ಹೇಳಿಕೊಡಬೇಕು.

ಈಗ ನನ್ನದೇ ತಪ್ಪಿಗೆ ಬರುತ್ತೇನೆ.

ಹತ್ತಾರು ವರ್ಷದಿಂದ ನಾನು ಸಮಾಜದ ವಧು-ವರ ಸೇವೆಯಲ್ಲಿ ಕೈಜೋಡಿಸಿದ್ದೇನೆ. ಮೊದಲು ಪುಸ್ತಕ ಅಚ್ಚು ಹಾಕಿಸಿ ಸಮಾವೇಶದಲ್ಲಿ ಹಂಚುತ್ತಿದ್ದೆವು. ಅದು ಗುರುತಿನ ಇನ್ನೂರು ಮುನ್ನೂರು ಮನೆಗಳಿಗೆ ಹೋಗಿ, ಕಪಾಟಿನಲ್ಲಿ ಕೂರುತ್ತಿತ್ತು. ಈಗ ವಾಟ್ಸಾಪ್ ಗ್ರೂಪ್. ಹುಡುಗಿಯ ಮೂರು ಫೋಟೋ, ಹುಟ್ಟಿದ ದಿನ ಮತ್ತು ವೇಳೆ, ಎತ್ತರ, ಮನೆ ವಿಳಾಸ, ಕೆಲಸ ಮಾಡುವ ಕಂಪನಿ, ತಂದೆಯ ಜಮೀನು, ಆಕೆಯದೇ ಮೊಬೈಲ್ ನಂಬರ್, ಎಲ್ಲ ಒಂದೇ ಹಾಳೆಯಲ್ಲಿ. ಅದನ್ನು ನಾನು ಹತ್ತು ಗ್ರೂಪಿಗೆ ಕಳಿಸುತ್ತೇನೆ, ಅವರು ನೂರು ಗ್ರೂಪಿಗೆ. ಸಾಂಗಲಿ, ಕೊಲ್ಲಾಪುರ, ಹುಬ್ಬಳ್ಳಿ, ಬೆಂಗಳೂರು ದಾಟಿ ಯಾರ ಕೈಗೆ ಹೋಯಿತೋ ಆ ಜಿನೇಂದ್ರನೇ ಬಲ್ಲ. ಎರಡು ವರ್ಷದ ಹಿಂದೆ ಒಬ್ಬ ಹುಡುಗಿ ಫೋನ್ ಮಾಡಿ ಅತ್ತಳು. ಬಯೋಡಾಟಾದ ಅವಳ ಫೋಟೋ ಹಾಕಿ ಯಾರೋ ನಕಲಿ ಖಾತೆ ತೆರೆದಿದ್ದರು, ಅದರಲ್ಲಿ ಅವಳ ನಂಬರನ್ನೂ ಕೊಟ್ಟಿದ್ದರು. ರಾತ್ರಿಯಿಡೀ ಕೆಟ್ಟ ಕರೆಗಳು. ಆಕೆಗೆ ನಿಶ್ಚಿತಾರ್ಥವಾಗಿ ಆರು ತಿಂಗಳಾಗಿತ್ತು, ನಮ್ಮ ಗ್ರೂಪುಗಳಲ್ಲಿ ಬಯೋಡಾಟಾ ಇನ್ನೂ ಓಡಾಡುತ್ತಲೇ ಇತ್ತು. ಅದನ್ನು ಮೊದಲು ಕಳಿಸಿದವನು ನಾನು. ನಾನು ಅಳಿಸಿದರೆ ನನ್ನ ಗ್ರೂಪಿನಿಂದ ಹೋಗುತ್ತದೆ, ಮುಂದೆ ಹೋದದ್ದನ್ನು ಯಾರು ಹಿಂದೆ ತರುತ್ತಾರೆ?

ದಶಲಕ್ಷಣ ಪರ್ವದಲ್ಲಿ ದಿನಕ್ಕೊಂದರಂತೆ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳ ವಾಚನ ನಡೆಯುತ್ತದೆ. ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರ ಹೇಳಿದೆ. ಎಷ್ಟೋ ವರ್ಷ ಕೇಳಿದ್ದೆ, ಆ ವರ್ಷ ಬೇರೆ ರೀತಿ ಕೇಳಿಸಿತು. ರಹೋಭ್ಯಾಖ್ಯಾನ ಎಂದರೆ ಏಕಾಂತದ ವಿಷಯವನ್ನು ಬಯಲು ಮಾಡುವುದು. ಕೂಟಲೇಖ ಎಂದರೆ ಸುಳ್ಳು ಬರಹ. ನಕಲಿ ಖಾತೆಗೆ ಇದಕ್ಕಿಂತ ಸರಿಯಾದ ಹೆಸರು ಬೇಕೆ? ನ್ಯಾಸಾಪಹಾರ ಎಂದರೆ ನಂಬಿ ಇಟ್ಟ ವಸ್ತುವನ್ನು ಕಬಳಿಸುವುದು. ನಮ್ಮ ಹಿರಿಯರು ಅದನ್ನು ಅಡವಿಟ್ಟ ಚಿನ್ನಕ್ಕೆ ಹೇಳುತ್ತಿದ್ದರು. ತಂದೆಯೊಬ್ಬ ನಂಬಿ ನನಗೆ ಕಳಿಸಿದ ಮಗಳ ಫೋಟೋ ಸಹ ಇಟ್ಟ ವಸ್ತುವೇ. ನಾನು ಕಬಳಿಸಲಿಲ್ಲ, ಆದರೆ ದಾರಿಯ ಮೇಲೆ ಇಟ್ಟು ಬಂದೆ.

ಈಗ ನಾವು ನಾಲ್ಕೈದು ಜನ ಸೇವಕರು ಪದ್ಧತಿ ಬದಲಿಸಿದ್ದೇವೆ. ಗ್ರೂಪಿನಲ್ಲಿ ಓದು, ವಯಸ್ಸು, ತಾಲೂಕು, ಮನೆಯ ಹಿರಿಯರ ನಂಬರ್ ಮಾತ್ರ. ಫೋಟೋ ಮತ್ತು ಜಾತಕ ಎರಡೂ ಕಡೆಯ ಹಿರಿಯರು ಮಾತಾಡಿದ ಮೇಲೆ, ನೇರವಾಗಿ ಮನೆಯಿಂದ ಮನೆಗೆ. ಕೆಲವರು "ಫೋಟೋ ಇಲ್ಲದ ಬಯೋಡಾಟಾ ಯಾರು ನೋಡತಾರ್ರಿ" ಎಂದು ಗೊಣಗಿದರು. ಸಂಬಂಧ ಕೂಡುವುದೇನೂ ಕಡಿಮೆಯಾಗಿಲ್ಲ. ಇನ್ನೊಂದು, ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಅಭಿನಂದನೆ ಎಂದು ಮಕ್ಕಳ ಅಂಕಪಟ್ಟಿಯನ್ನೇ ಸ್ಟೇಟಸ್‌ಗೆ ಹಾಕುತ್ತೇವಲ್ಲ, ಅದರಲ್ಲಿ ನೋಂದಣಿ ಸಂಖ್ಯೆ, ತಂದೆ-ತಾಯಿಯ ಹೆಸರು ಎಲ್ಲ ಇರುತ್ತದೆ. ಶೇಕಡಾವಾರು ಬರೆದು ಮಗುವಿಗೆ ಶುಭ ಕೋರಿದರೆ ಸಾಲದೇ?

ಫೋಟೋ ಸಾದಾ ಆಗಿದ್ದರೂ ಈಗ ಸುರಕ್ಷಿತವಲ್ಲ. 2023ರ ನವೆಂಬರ್‌ನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಯುವತಿಯ ವಿಡಿಯೋಗೆ ಅಂಟಿಸಿ ಹರಿಬಿಟ್ಟಿದ್ದರು. 2024ರ ಜನವರಿಯಲ್ಲಿ ಆಂಧ್ರಪ್ರದೇಶದ ಯುವಕನೊಬ್ಬನನ್ನು ದೆಹಲಿ ಪೊಲೀಸರು ಬಂಧಿಸಿದರು. ಅಂಥ ದೊಡ್ಡವರು ಬಾಯಿಬಿಟ್ಟು ಹೇಳಿದ್ದರಿಂದ ಎಷ್ಟೋ ಹುಡುಗಿಯರಿಗೆ ಧೈರ್ಯ ಬಂದಿರಬೇಕು. ನಗ್ನ ಚಿತ್ರ, ತಿರುಚಿದ ಚಿತ್ರ, ನಕಲಿ ಖಾತೆ ಬಗ್ಗೆ ಸಂತ್ರಸ್ತರೇ ದೂರು ಕೊಟ್ಟರೆ ಬೇಗ ತೆಗೆಯುವುದು ಕಂಪನಿಗಳ ಹೊಣೆ. 2021ರ ಐಟಿ ನಿಯಮಗಳಲ್ಲಿ ಇದಕ್ಕೆ 24 ತಾಸಿನ ಗಡುವು ಹಾಕಿದ್ದರು. 18 ವರ್ಷದೊಳಗಿನವರಿಗೆ "ಟೇಕ್ ಇಟ್ ಡೌನ್" ಎಂಬ ಉಚಿತ ಸೇವೆ, ದೊಡ್ಡವರಿಗೆ "ಸ್ಟಾಪ್ ಎನ್‌ಸಿಐಐ" ಎಂಬುದು ಇದೆ. ಇವು ಚಿತ್ರವನ್ನು ಕೇಳುವುದಿಲ್ಲ. ನಮ್ಮ ಫೋನಿನಲ್ಲೇ ಅದಕ್ಕೊಂದು ಹೆಬ್ಬೆಟ್ಟಿನ ಗುರುತಿನಂಥ ಸಂಖ್ಯೆ ತಯಾರಿಸಿ, ಆ ಸಂಖ್ಯೆಯನ್ನು ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮುಂತಾದವಕ್ಕೆ ಕೊಡುತ್ತವೆ. ಅದೇ ಚಿತ್ರ ಅಲ್ಲಿ ಬಂದರೆ ಗುರುತಿಸಿ ತೆಗೆಯಬಹುದು. ವಾಟ್ಸಾಪ್‌ನ ಖಾಸಗಿ ಸಂದೇಶಗಳ ಮೇಲೆ ಮಾತ್ರ ಇದು ನಡೆಯುವುದಿಲ್ಲ.

ಫೋನ್ ಕಸಿದುಕೊಂಡರೆ ಆಯಿತಲ್ಲ ಎನ್ನುವವರಿದ್ದಾರೆ. ಆಸ್ಟ್ರೇಲಿಯಾ 2024ರಲ್ಲಿ 16 ವರ್ಷದೊಳಗಿನವರಿಗೆ ಖಾತೆಯೇ ಕೊಡಬಾರದೆಂದು ಕಾನೂನು ಮಾಡಿತು. ನಮ್ಮ ಕರ್ನಾಟಕ ಹೈಕೋರ್ಟ್ ಸಹ 2023ರ ಸೆಪ್ಟೆಂಬರ್‌ನಲ್ಲಿ, ಶಾಲಾ ಮಕ್ಕಳು ಇದರ ಚಟಕ್ಕೆ ಬಿದ್ದಿದ್ದಾರೆ, ವಯಸ್ಸಿನ ಮಿತಿ ಇರಬೇಕು ಎಂದು ಮೌಖಿಕವಾಗಿ ಹೇಳಿತ್ತು. ಒಳ್ಳೆಯದೇ. ಆದರೆ ನಮ್ಮ ಮನೆಗಳಲ್ಲಿ ಹುಟ್ಟಿದ ವರ್ಷ ಸುಳ್ಳು ಹಾಕಿ ಖಾತೆ ತೆರೆದುಕೊಟ್ಟವರು ನಾವೇ, ಅದೂ ಕೊರೊನಾ ಕಾಲದಲ್ಲಿ. ಇನ್‌ಸ್ಟಾಗ್ರಾಮ್ 2025ರ ಫೆಬ್ರವರಿಯಿಂದ ಭಾರತದಲ್ಲಿ ಹದಿಹರೆಯದವರ ಖಾತೆ ಎಂಬ ವ್ಯವಸ್ಥೆ ತಂದಿದೆ. ಅದರಲ್ಲಿ ಖಾತೆ ತಾನಾಗಿಯೇ ಖಾಸಗಿಯಾಗಿರುತ್ತದೆ, ಅಪರಿಚಿತರು ಸಂದೇಶ ಕಳಿಸಲಾಗದು, ರಾತ್ರಿ 10ರಿಂದ ಬೆಳಗಿನ 7ರವರೆಗೆ ಸೂಚನೆಗಳು ಬರುವುದಿಲ್ಲ, 16ರೊಳಗಿನವರು ಇವನ್ನು ಸಡಿಲಿಸಲು ತಂದೆ-ತಾಯಿಯ ಒಪ್ಪಿಗೆ ಬೇಕು. ಹದಿನಾಲ್ಕರ ಮಗು ಇಪ್ಪತ್ನಾಲ್ಕು ಎಂದು ಬರೆದಿದ್ದರೆ ಈ ಯಾವ ರಕ್ಷಣೆಯೂ ಸಿಗದು. ಇವತ್ತು ಸಂಜೆ ಮಗುವಿನ ಜೊತೆ ಕುಳಿತು ಹುಟ್ಟಿದ ದಿನ ಸರಿಪಡಿಸಿ. ವಾಟ್ಸಾಪ್‌ನಲ್ಲಿ ಪ್ರೊಫೈಲ್ ಫೋಟೋ ಯಾರು ನೋಡಬಹುದು, ಗ್ರೂಪಿಗೆ ಯಾರು ಸೇರಿಸಬಹುದು ಎಂಬುದನ್ನು ಪರಿಚಿತರಿಗೆ ಸೀಮಿತ ಮಾಡಿ. ಹಾಗೆಯೇ ನಿಮ್ಮದನ್ನೂ.

ಚಟದ ಮಟ್ಟಕ್ಕೆ ಹೋಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ. ಮನಸ್ಸು ಕುಗ್ಗಿದ್ದರೆ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಮಕ್ಕಳ ಸಹಾಯವಾಣಿ 1098.

ಈ ಎರಡು ನಂಬರನ್ನೂ 1930 ಜೊತೆಗೆ ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆಸಿ ನನ್ನ ಅಂಗಡಿಯ ಕಂಬಕ್ಕೆ ಅಂಟಿಸಿದ್ದೇನೆ. ಅದರ ಕೆಳಗೆ, "ಮೊದಲು ಇಲ್ಲಿ ಬಾ, ನಿಮ್ಮ ಅಪ್ಪಗ ನಾ ಹೇಳತೀನಿ" ಎಂದು ಬರೆದಿದ್ದೇನೆ. ಹೋದ ವಾರ ಯಾರೋ ಪೆನ್ಸಿಲಿನಿಂದ 14416ರ ಪಕ್ಕದಲ್ಲಿ "ರಾತ್ರಿನೂ ಎತ್ತತಾರೇನ್ರಿ?" ಎಂದು ಬರೆದು ಹೋಗಿದ್ದರು. ನಾನು ಅದರ ಕೆಳಗೆ, "ಹೌದು, 24 ತಾಸು. ನಾನೂ" ಎಂದು ಬರೆದು ನನ್ನ ಮನೆಯ ನಂಬರ್ ಹಾಕಿದೆ.