ಕೃಷಿ ಹೊಂಡಕ್ಕೆ ಆಫ್ರಿಕನ್ ಕ್ಯಾಟ್‌ಫಿಶ್ ಬೇಡ

ಹೊಸಕೋಟೆ, ದೇವನಹಳ್ಳಿ ಕಡೆ ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಮರಿ ಬಿಟ್ಟಿದ್ದೀರಾ? ಹಾಗಾದ್ರೆ ‘ಬೇಗ ಬೆಳೆಯುತ್ತೆ’ ಅಂತ ಯಾರಾದ್ರೂ ಆಫ್ರಿಕನ್ ಕ್ಯಾಟ್‌ಫಿಶ್ ಮರಿ ಕೊಟ್ರೆ ತಗೋಬೇಡಿ. ಕತ್ತಲಲ್ಲೂ ಮೀಸೆಯಿಂದಲೇ ತಡಕಾಡಿ, ಬಾಯಿಗೆ ಹಿಡಿಸುವ ಮರಿಗಳನ್ನೆಲ್ಲ ನುಂಗುವ ಮೀನಿದು. ಗಾಳಿಯನ್ನೂ ಉಸಿರಾಡುವುದರಿಂದ ಹೊಂಡದ ನೀರು ಕೆಟ್ಟರೂ ಸಾಯಲ್ಲ. ಮಳೆಗಾಲದಲ್ಲಿ ಹೊಂಡ ತುಂಬಿ ಹರಿದರೆ ಕೆರೆ ಸೇರುತ್ತೆ; ಆಮೇಲೆ ಅಲ್ಲಿನ ನಾಟಿ ಮೀನಿಗೂ ಕುತ್ತು. ಅದಕ್ಕೇ ಕೇಂದ್ರ ಸರ್ಕಾರ 2000ದಲ್ಲೇ ಇದರ ಸಾಕಣೆ ನಿಷೇಧಿಸಿದೆ.

ಕಾಟ್ಲಾ ಮೇಲೆ, ರೋಹು ನಡುವೆ, ಸಾಮಾನ್ಯ ಗೆಂಡೆ ತಳದಲ್ಲಿ ಮೇಯುತ್ತವೆ. ಹಾಗಾಗಿ ಇವು ಮೂರೂ ಒಂದೇ ಹೊಂಡದಲ್ಲಿ ಹೊಂದಿಕೊಳ್ಳುತ್ತವೆ.

ಕ್ಯಾಟ್‌ಫಿಶ್ ಈಗಾಗಲೇ ಸೇರಿದ್ರೆ ಬೇಸಿಗೆಯಲ್ಲಿ ನೀರು ಖಾಲಿ ಮಾಡಿ, ಕೆಸರಲ್ಲೂ ಹುಡುಕಿ ಹಿಡಿಯಿರಿ. ‘ಪಾಪ, ಬದುಕಿಕೊಳ್ಳಲಿ’ ಅಂತ ಕೆರೆಗೆ ಮಾತ್ರ ಬಿಡಬೇಡಿ.